ಹೆಸರು ಎರಡನೆಯದಾದಾಗ: ಬಾರ್ನಬನಿಂದ ಏನು ಕಲಿಯಬಹುದು?

ಧಾರವಾಡದ ಟೆನರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮ ಸಭೆಯ ಕ್ವಾಯರ್‌ನಲ್ಲಿ 19 ವರ್ಷದಿಂದ ಹಾಡುತ್ತಿದ್ದೇನೆ. ಅದರಲ್ಲಿ 11 ವರ್ಷ ನಾನೇ ನಡೆಸಿದೆ. ಕಳೆದ ತಿಂಗಳು ಹೊಸ ಕಮಿಟಿ ಬಂತು. ಕ್ವಾಯರ್ ನಡೆಸುವ ಕೆಲಸ ನನ್ನ ಕೈಕೆಳಗೇ ಹಾಡು ಕಲಿತ ಒಬ್ಬ ಯುವಕನಿಗೆ ಹೋಯಿತು. ಅವನು ಒಳ್ಳೆಯವನು, ಕೀಬೋರ್ಡ್ ನನಗಿಂತ ಚೆನ್ನಾಗಿ ನುಡಿಸುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನಗೆ ಯಾರೂ ಮೊದಲೇ ಒಂದು ಮಾತು ಹೇಳಲಿಲ್ಲ. ಆರಾಧನೆಯ ಕೊನೆಗೆ ಪ್ರಕಟಣೆ ಓದಿದಾಗಲೇ ಗೊತ್ತಾಗಿದ್ದು. ಅವತ್ತು ಮನೆಗೆ ಬಂದು ಊಟ ಮಾಡಲಾಗಲಿಲ್ಲ.

ಸಭೆಯ ಹಿರಿಯರೊಬ್ಬರಿಗೆ ಹೇಳಿಕೊಂಡೆ. "ದೀನತೆ ಕಲಿತುಕೊಳ್ಳಿ, ಬಾರ್ನಬನನ್ನು ನೋಡಿ" ಅಂದರು. ಸರಿ ಅಂತ ಬಾರ್ನಬನ ಕಥೆ ಇರುವ ಅಪೊಸ್ತಲರ ಕೃತ್ಯಗಳನ್ನು (ಬೈಬಲ್ಲಿನಲ್ಲಿ ಲೂಕ ಬರೆದ ಆದಿ ಸಭೆಯ ಚರಿತ್ರೆ) ಮತ್ತೆ ಓದಲು ಕೂತೆ. ಹಿಂದೆ ಎಷ್ಟೋ ಸಲ ಓದಿದ್ದೆ, ಆದರೆ ಈ ಸಲ ಹೆಸರುಗಳ ಮೇಲೇ ಕಣ್ಣು ಹೋಯಿತು. 11ನೇ ಅಧ್ಯಾಯದಲ್ಲಿ "ಬಾರ್ನಬನೂ ಸೌಲನೂ". 12ರ ಕೊನೆಯಲ್ಲೂ ಹಾಗೇ. 13ರ ಶುರುವಿನಲ್ಲಿ ಅಂತಿಯೋಕ್ಯ ಸಭೆಯ ಬೋಧಕರ ಪಟ್ಟಿ ಇದೆ. ಅದರಲ್ಲಿ ಬಾರ್ನಬ ಮೊದಲನೆಯವನು, ಸೌಲ ಕೊನೆಯವನು. ಇಬ್ಬರೂ ಹಡಗು ಹತ್ತಿ ಕುಪ್ರ (ಸೈಪ್ರಸ್) ದ್ವೀಪಕ್ಕೆ ಹೋಗುತ್ತಾರೆ. ಅದು ಬಾರ್ನಬನ ಹುಟ್ಟೂರು. ಅಲ್ಲಿಂದ ಹೊರಡುವಾಗ ಲೂಕ "ಪೌಲನೂ ಅವನ ಜೊತೆಯವರೂ" ಅಂತ ಬರೆಯುತ್ತಾನೆ (ಸೌಲನ ಇನ್ನೊಂದು ಹೆಸರೇ ಪೌಲ). ಬಾರ್ನಬನ ಹೆಸರೇ ಇಲ್ಲ! ಆಮೇಲೆ ಹೆಚ್ಚಾಗಿ "ಪೌಲನೂ ಬಾರ್ನಬನೂ".

ತನ್ನ ಸ್ವಂತ ಊರಿನಲ್ಲೇ ಅವನ ಹೆಸರು ಹಿಂದಕ್ಕೆ ಹೋಯಿತು. ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು.

ನನ್ನ ಪ್ರಶ್ನೆ ಇಷ್ಟೇ. ಅವನು ಇದನ್ನು ಹೇಗೆ ತಡೆದುಕೊಂಡ? ದೀನತೆ ಅಂದರೆ ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದಾ?

ಹಳೇ ಸಂಡೇ ಸ್ಕೂಲ್ ಟೀಚರ್

ತಮ್ಮಾ, ನಿಮ್ಮ ನೋವು ಅರ್ಥವಾಯಿತು. ಮೊದಲೇ ಹೇಳದೆ ಎಲ್ಲರ ಮುಂದೆ ಓದಿದ್ದು ತಪ್ಪು. ನಿಮಗೆ ಬೇಜಾರಾದರೆ ನಿಮ್ಮಲ್ಲಿ ದೀನತೆ ಇಲ್ಲ ಅಂತ ಅರ್ಥವಲ್ಲ.

ಆದರೆ ಬಾರ್ನಬನನ್ನು 13ನೇ ಅಧ್ಯಾಯದಿಂದ ಓದಬೇಡಿ, ಹಿಂದಕ್ಕೆ ಹೋಗಿ. ಅವನ ನಿಜವಾದ ಹೆಸರು ಯೋಸೇಫ. ಕುಪ್ರದಲ್ಲಿ ಹುಟ್ಟಿದ ಲೇವಿ ಕುಲದವನು. ತನ್ನ ಹೊಲ ಮಾರಿ ಹಣ ತಂದು ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಪಾದದ ಬಳಿ ಇಟ್ಟ. ಬಾರ್ನಬ ಅನ್ನುವುದು ಅವರು ಕೊಟ್ಟ ಹೆಸರು, ಧೈರ್ಯ ತುಂಬುವವನು ಅಂತ ಅದರ ಅರ್ಥ. ಅಂದರೆ ನಾವು ಅವನನ್ನು ಕರೆಯುವ ಹೆಸರೇ ಅವನು ಬೇರೆಯವರಿಗೆ ಮಾಡಿದ ಉಪಕಾರದಿಂದ ಬಂದದ್ದು.

ಸೌಲ ದಮಸ್ಕದಿಂದ ಯೆರೂಸಲೇಮಿಗೆ ಬಂದಾಗ ಎಲ್ಲರೂ ಹೆದರಿದರು. ಹೆದರದೆ ಇರುತ್ತಾರಾ? ಯೇಸುವನ್ನು ನಂಬಿದ್ದಕ್ಕೆ ಸ್ತೆಫನನನ್ನು ಕೊಂದಾಗ ಅಲ್ಲೇ ನಿಂತು ಒಪ್ಪಿಕೊಂಡಿದ್ದವನು, ಮನೆ ಮನೆಗೆ ನುಗ್ಗಿ ವಿಶ್ವಾಸಿಗಳನ್ನು ಎಳೆದೊಯ್ದವನು ಅವನು. ಅಂಥವನ ಕೈ ಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಬಾರ್ನಬ ಒಬ್ಬನೇ. ಇದು 9ನೇ ಅಧ್ಯಾಯದಲ್ಲಿದೆ. ಆಮೇಲೆ ಸೌಲ ಊರಿಗೆ, ತಾರ್ಸಕ್ಕೆ ಹೋದ. ಅಂತಿಯೋಕ್ಯದಲ್ಲಿ ಗ್ರೀಕರೂ ನಂಬತೊಡಗಿದಾಗ ಯೆರೂಸಲೇಮಿನವರು ಬಾರ್ನಬನನ್ನು ಅಲ್ಲಿಗೆ ಕಳಿಸಿದರು. ಬೇರೆ ಯಾರೋ ಶುರು ಮಾಡಿದ ಕೆಲಸ ಅದು. ಅದನ್ನು ನೋಡಿ ಅವನು ಸಂತೋಷಪಟ್ಟ ಅಂತ ಲೂಕ ಬರೆದಿದ್ದಾನೆ. ಈ ಒಂದು ಮಾತು ನನಗೆ ಬಹಳ ದೊಡ್ಡದು. ಆಮೇಲೆ ಏನು ಮಾಡಿದ? ಒಬ್ಬನೇ ಮೆರೆಯಬಹುದಿತ್ತು. ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದ. ಇಬ್ಬರೂ ಒಂದು ವರ್ಷ ಪೂರ್ತಿ ಕಲಿಸಿದರು. ಶಿಷ್ಯರಿಗೆ ಕ್ರೈಸ್ತರು ಅನ್ನುವ ಹೆಸರು ಮೊದಲು ಬಂದದ್ದು ಆ ಊರಿನಲ್ಲೇ.

ಅಂದರೆ ಅವನ ಜಾಗವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆ ಜಾಗ ತುಂಬುವವನನ್ನು ಅವನೇ ಹುಡುಕಿ ತಂದಿದ್ದ. ನೀವೂ ಆ ಹುಡುಗನಿಗೆ ಹಾಡು ಕಲಿಸಿದಿರಿ, ಅಲ್ವಾ?

ಮಲ್ಪೆ ಅಕ್ಕ

ಟೀಚರ್ ಹೇಳಿದ್ದು ಚೆನ್ನಾಗಿದೆ. ಆದರೆ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ಮಾತು ಹೇಳಲೇಬೇಕು.

"ದೀನತೆ ಕಲಿಯಿರಿ" ಅಂತ ಯಾರು ಯಾರಿಗೆ ಹೇಳುತ್ತಾರೆ ಅಂತ ಸ್ವಲ್ಪ ನೋಡಿ. ನಮ್ಮಲ್ಲಿ ಸಭಾ ದಿನ ಬಂದರೆ ಹೆಂಗಸರು ಬೆಳಿಗ್ಗೆ ನಾಲ್ಕಕ್ಕೆ ಅಡುಗೆ ಮನೆಗೆ ಹೋಗುತ್ತೇವೆ. ಪ್ರಸಂಗ ನಮ್ಮ ಕಿವಿಗೆ ಬೀಳುವುದು ಮೈಕಿನಲ್ಲಿ, ಪಾತ್ರೆ ಸದ್ದಿನ ನಡುವೆ. ಪ್ರಸಂಗ ಸೇವೆಯ ಬಗ್ಗೆ! ಕಮಿಟಿಯಲ್ಲಿ ನಮಗೂ ಜಾಗ ಬೇಕು ಅಂತ ಕೇಳಿದ ವರ್ಷ ಸಿಕ್ಕ ಉತ್ತರ, "ಅಕ್ಕಾ, ಮಾರ್ಥಳ ಹಾಗೆ ಚಿಂತೆ ಮಾಡಬೇಡಿ, ಮರಿಯಳ ಹಾಗೆ ಪಾದದ ಬಳಿ ಕೂತ್ಕೊಳ್ಳಿ." ಪಾದದ ಬಳಿ ಕೂರಲು ನಮ್ಮನ್ನು ಬಿಟ್ಟರೆ ತಾನೇ?

ಮಾರ್ಥಳಿಗೆ ನಾವು ಅನ್ಯಾಯ ಮಾಡುತ್ತೇವೆ. ಯೇಸು ಮನೆಗೆ ಬಂದಾಗ ಮಾರ್ಥ ಉಪಚಾರದ ಕೆಲಸದಲ್ಲಿ ಒದ್ದಾಡಿದ್ದು, ಅವಳ ತಂಗಿ ಮರಿಯ ಅವನ ಪಾದದ ಬಳಿ ಕೂತು ಕೇಳಿದ್ದು, ಆ ಲೂಕನ 10ನೇ ಅಧ್ಯಾಯ ಓದಿ ಅಲ್ಲೇ ನಿಲ್ಲಿಸುತ್ತೇವೆ. ಯೋಹಾನನ 11 ಓದಿ. ತಮ್ಮ ಲಾಜರ ಸತ್ತು ನಾಲ್ಕು ದಿನವಾಗಿದೆ. ಊರ ಹೊರಗೆ ಬಂದು ಯೇಸುವನ್ನು ಎದುರುಗೊಂಡವಳು ಅವಳು. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಮುಖಕ್ಕೆ ಹೇಳಿದಳು. ಅದೇ ಬಾಯಲ್ಲಿ ನೀನೇ ಕ್ರಿಸ್ತನು, ದೇವರ ಮಗನು ಅಂತ ಒಪ್ಪಿಕೊಂಡಳು. ಅಪೊಸ್ತಲ ಪೇತ್ರ ಒಪ್ಪಿಕೊಂಡದ್ದೂ ಇದನ್ನೇ. ಪೇತ್ರನ ಮಾತಿನ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇವೆ, ಮಾರ್ಥಳ ಮಾತಿನ ಮೇಲೆ ಎಷ್ಟು?

ಇನ್ನೊಂದು, ಅಪೊಸ್ತಲರ ಕೃತ್ಯಗಳು 6. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಅವರ ಕಡೆಯವರು ಗುಣುಗುಟ್ಟಿದರು. ದೀನರಾಗಿರಿ ಅಂತ ಅಪೊಸ್ತಲರು ಅವರಿಗೆ ಬುದ್ಧಿ ಹೇಳಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಿ ಅಂದರು. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಕೊಟ್ಟವರ ಕೈಗೇ ಸೌಟು ಕೊಟ್ಟರು.

ಹಾಗಾಗಿ ಧಾರವಾಡದ ಅಣ್ಣಾ, ಬೇಜಾರಾಗಿದ್ದರೆ ಕಮಿಟಿಗೆ ಹೇಳಿ. ಹೇಳುವುದು ಪಾಪವಲ್ಲ.

ಗ್ರೀಕ್ ಕಲಿಯುತ್ತಿರುವವನು

ದೇವಶಾಸ್ತ್ರ ಓದುತ್ತಿದ್ದೇನೆ, ಎರಡನೇ ವರ್ಷ. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಎಚ್ಚರಿಕೆಯ ಮಾತು. ಹೆಸರಿನ ಕ್ರಮ ಒಂದೇ ಸಲ ಬದಲಾಗಿ ಹಾಗೇ ಉಳಿದಿಲ್ಲ. ಲುಸ್ತ್ರ ಊರಿನಲ್ಲಿ ಜನ ಬಾರ್ನಬನನ್ನು ಜೀಯಸ್ ದೇವರು ಅಂತಲೂ ಪೌಲನನ್ನು ಹರ್ಮಿಸ್ ದೇವರು ಅಂತಲೂ ಕರೆದು ಬಲಿ ಕೊಡಲು ಹೋದಾಗ ಬಾರ್ನಬ ಮತ್ತೆ ಮೊದಲು ಬರುತ್ತಾನೆ. 15ರಲ್ಲಿ ಯೆರೂಸಲೇಮಿನ ಕೂಟದ ಮುಂದೆ ಮಾತಾಡುವಾಗಲೂ ಅವನೇ ಮೊದಲು. ಅಲ್ಲಿಂದ ಕಳಿಸಿದ ಪತ್ರದಲ್ಲೂ ಅಷ್ಟೇ. ಯೆರೂಸಲೇಮಿನವರಿಗೆ ಹಳೇ ಪರಿಚಯದವನು ಅವನೇ ತಾನೇ. ಮುಖ್ಯವಾಗಿ, ಬಾರ್ನಬನ ಮನಸ್ಸಿನಲ್ಲಿ ಏನಿತ್ತು ಅಂತ ಲೂಕ ಒಂದು ಸಾಲೂ ಬರೆದಿಲ್ಲ. ಅವನಿಗೆ ನೋವಾಗಲೇ ಇಲ್ಲ ಅಂತ ನಾವು ಹೇಳಲು ಬರುವುದಿಲ್ಲ. ಅವನು ಏನು ಮಾಡಿದ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಕೆಲಸ ಬಿಡಲಿಲ್ಲ, ಜೊತೆ ಬಿಡಲಿಲ್ಲ.

ಎರಡನೆಯದು ಪದಗಳ ವಿಷಯ. ಕನ್ನಡದಲ್ಲಿ "ದೀನ" ಅಂದರೆ ಗತಿಯಿಲ್ಲದವನು ಅನ್ನುವ ಛಾಯೆ ಬಂದುಬಿಡುತ್ತದೆ. ದೀನ ಮುಖ, ದೀನ ಸ್ವರ ಅನ್ನುತ್ತೇವಲ್ಲ, ಹಾಗೆ. ಗ್ರೀಕಿನ ತಪೈನೊಸ್ ಪದದ ಕಥೆಯೂ ಇದೇ. ಆ ಕಾಲದ ಗ್ರೀಕರು ಅದನ್ನು ಕೀಳಾದವನು ಅನ್ನುವ ಅರ್ಥದಲ್ಲೇ ಹೆಚ್ಚು ಬಳಸುತ್ತಿದ್ದರು. ಹೊಗಳಿಕೆಯ ಮಾತಲ್ಲ. ಯೇಸು ತನ್ನ ಬಗ್ಗೆಯೇ ಆ ಮಾತು ಹೇಳಿಕೊಂಡ. ನಮ್ಮ ಬೈಬಲ್ಲಿನಲ್ಲಿ ಮೋಶೆಗೆ "ಸಾತ್ವಿಕ" ಅನ್ನುವ ಪದವಿದೆ, ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕ. ಆ ಮನುಷ್ಯನೇ ಐಗುಪ್ತದ ರಾಜ ಫರೋಹನ ಮುಂದೆ ಮತ್ತೆ ಮತ್ತೆ ಹೋಗಿ ನಿಂತವನು. ಅಂದಮೇಲೆ ಸಾತ್ವಿಕತೆಗೂ ಬಾಯಿ ಮುಚ್ಚಿಕೊಂಡಿರುವುದಕ್ಕೂ ಸಂಬಂಧ ಕಟ್ಟಬಾರದು.

ಅಕ್ಕನವರಿಗೆ: ಮಾರ್ಥಳ ಅಡುಗೆ ಕೆಲಸಕ್ಕೆ ಲೂಕ ಬಳಸಿದ ಪದ ದಿಯಾಕೊನಿಯ. 6ನೇ ಅಧ್ಯಾಯದಲ್ಲಿ ಊಟ ಹಂಚುವುದಕ್ಕೂ ಅದೇ, ವಾಕ್ಯ ಸಾರುವುದಕ್ಕೂ ಅದೇ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಕೆಂಖ್ರೆ ಸಭೆಯ ಫೊಯಿಬೆಯನ್ನು ದಿಯಾಕೊನೊಸ್ ಅಂತ ಕರೆದ. ಅಡುಗೆ ಮನೆಗೂ ಪ್ರಸಂಗ ಪೀಠಕ್ಕೂ ಅವರ ಹತ್ತಿರ ಇದ್ದದ್ದು ಒಂದೇ ಪದ.

ಕುವೈತ್ ನರ್ಸ್

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ನಿದ್ದೆ ಬರಲಿಲ್ಲ, ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಕಡೆ ನಮ್ಮ ಅಜ್ಜಿ ಮನೆ. ಜಗುಲಿ ಪಕ್ಕ ಯಾವಾಗಲೂ ಒಂದು ತಂಬಿಗೆ ನೀರು ಇರುತ್ತಿತ್ತು. ಯಾರೇ ಬರಲಿ, ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಲೂಕನ 7ರಲ್ಲಿ ಯೇಸು ತನ್ನನ್ನು ಊಟಕ್ಕೆ ಕರೆದ ಸೀಮೋನನಿಗೆ ನೀನು ನನ್ನ ಕಾಲಿಗೆ ನೀರು ಕೊಡಲಿಲ್ಲ ಅನ್ನುವಾಗ ಅದು ಎಷ್ಟು ದೊಡ್ಡ ಅವಮಾನ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ನಮ್ಮಲ್ಲೂ ನೀರು ಕೊಡುತ್ತಾರೆ, ತೊಳೆದುಕೊಳ್ಳುವವರು ಬಂದವರೇ. ಬಗ್ಗಿ ಇನ್ನೊಬ್ಬರ ಕಾಲು ತೊಳೆಯುವುದು ಆ ಕಾಲದಲ್ಲಿ ಗುಲಾಮರ ಕೆಲಸ. ಯೇಸು ನೀರು ಕೊಟ್ಟು ಸುಮ್ಮನಾಗಬಹುದಿತ್ತು. ಕೊನೆಯ ಊಟದ ರಾತ್ರಿ ಶಿಷ್ಯರ ಕಾಲು ತೊಳೆಯಲು ಮೇಲಂಗಿ ತೆಗೆದಿಟ್ಟು ಟವೆಲ್ ಸೊಂಟಕ್ಕೆ ಕಟ್ಟಿಕೊಂಡ.

ನನ್ನ ಕೆಲಸದಲ್ಲಿ ದಿನಾ ಮುದುಕರ ಕಾಲು ತೊಳೆಯುತ್ತೇನೆ. ಸಕ್ಕರೆ ಕಾಯಿಲೆಯವರ ಕಾಲನ್ನು ಬೆರಳಿನ ಸಂದು ಸಂದು ನೋಡಿ ಒರೆಸಬೇಕು. ಅದು ನನಗೆ ಕಷ್ಟ ಅನ್ನಿಸಿಲ್ಲ. ಕಷ್ಟವಾಗಿದ್ದು ಹೋದ ವರ್ಷ ನನಗೇ ಆಪರೇಷನ್ ಆದಾಗ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ನನಗೆ ಸ್ನಾನ ಮಾಡಿಸಲು ಬಂದಳು. ಬೇಡ ಬೇಡ ಅಂದೆ. ಅತ್ತುಬಿಟ್ಟೆ. ಆಗ ಪೇತ್ರ ಅರ್ಥವಾದ. ನೀನು ನನ್ನ ಕಾಲನ್ನು ಎಂದಿಗೂ ತೊಳೆಯಬಾರದು ಅಂದನಲ್ಲ, ಅದು ಮೇಲುನೋಟಕ್ಕೆ ಗೌರವ. ಒಳಗೆ ನನಗೆ ಯಾರ ಹಂಗೂ ಬೇಡ ಅನ್ನುವ ಬಿಗಿತ. ನಾನು ಸೇವೆ ಮಾಡುವವಳು, ಮಾಡಿಸಿಕೊಳ್ಳುವವಳಲ್ಲ ಅನ್ನುವುದೂ ಒಂದು ಗರ್ವವೇ ಅಂತ ಅವತ್ತು ಗೊತ್ತಾಯಿತು.

ಟೆನರ್ ಅಣ್ಣಾ, ಯೋಹಾನ 13ರ ಮೂರನೇ ವಚನ ನೋಡಿ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಅಂತ ತಿಳಿದಿದ್ದೇ ಯೇಸು ಊಟದಿಂದ ಎದ್ದ. ತಾನು ಯಾರು ಅಂತ ಚೆನ್ನಾಗಿ ಗೊತ್ತಿದ್ದವನು ಬಗ್ಗಿದ. ತೊಳೆಸಿಕೊಂಡವರಲ್ಲಿ ಅವನನ್ನು ಹಿಡಿದುಕೊಟ್ಟ ಯೂದನೂ ಇದ್ದ, ಅವನು ಎದ್ದು ಹೋದದ್ದು ಆಮೇಲೆ. ಕ್ವಾಯರ್ ಹೋದರೂ ನೀವು ಯಾರು ಅನ್ನುವುದು ಹೋಗಿಲ್ಲ. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ, ಇಷ್ಟೇ ನನ್ನ ಮಾತು.

ಮಂಗಳೂರಿನ ಕಥೋಲಿಕ

ನಮ್ಮಲ್ಲಿ ಬಾರ್ನಬರ ಹಬ್ಬ ಜೂನ್ 11. ನೀವು ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕವನ್ನು ನಾವು ಪ್ರೇಷಿತರ ಕಾರ್ಯಕಲಾಪಗಳು ಅನ್ನುತ್ತೇವೆ, ಓದುವುದು ಅದನ್ನೇ.

ಕಾಲು ತೊಳೆಯುವ ಮಾತು ಬಂತಲ್ಲ. ಪವಿತ್ರ ಗುರುವಾರ (ಈಸ್ಟರ್‌ಗೆ ಮುಂಚಿನ ಗುರುವಾರ) ನಮ್ಮ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಮೊದಲೆಲ್ಲ ಗಂಡಸರದ್ದು ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದ ಹುಡುಗರ ಜೊತೆ ಹುಡುಗಿಯರ ಕಾಲನ್ನೂ ತೊಳೆದರು. 2016ರಲ್ಲಿ ನಿಯಮವೇ ಬದಲಾಯಿತು. ಆ ವರ್ಷಗಳ ನಂತರ ನಮ್ಮ ಚರ್ಚಿನಲ್ಲಿ ನನ್ನ ಅಮ್ಮನನ್ನೂ ಕರೆದರು. ಅವರು ಬೆಳಿಗ್ಗೆಯಿಂದ ಮೂರು ಸಲ ಕಾಲು ತೊಳೆದುಕೊಂಡೇ ಹೋದರು. ನರ್ಸ್ ಅಕ್ಕ ಬರೆದದ್ದು ಓದಿ ಅದು ನೆನಪಾಯಿತು.

ಬೆಂಗಳೂರು ಯೂತ್

ಎಲ್ಲರೂ ಬಾರ್ನಬನನ್ನು ಹೊಗಳುತ್ತಿದ್ದೀರಿ, ಒಂದು ಪ್ರಶ್ನೆ ಕೇಳಲಾ? 15ನೇ ಅಧ್ಯಾಯದ ಕೊನೆಯಲ್ಲಿ ಅವನು ಪೌಲನ ಜೊತೆ ದೊಡ್ಡ ಜಗಳ ಮಾಡಿ ಬೇರೆಯಾದ. ಕಾರಣ ಮಾರ್ಕ. ಮಾರ್ಕ ಮೊದಲ ಪ್ರಯಾಣದಲ್ಲಿ ಪೆರ್ಗೆಯಿಂದಲೇ ಯೆರೂಸಲೇಮಿಗೆ ವಾಪಸ್ ಹೋಗಿಬಿಟ್ಟಿದ್ದ. ಅಂಥವನನ್ನು ಮತ್ತೆ ಕರೆದುಕೊಂಡು ಹೋಗುವುದು ಬೇಡ ಅಂದ ಪೌಲನ ಮಾತಿನಲ್ಲೂ ನ್ಯಾಯ ಇದೆ. ಮೇಲಾಗಿ ಕೊಲೊಸ್ಸೆಯವರಿಗೆ ಬರೆದ ಪತ್ರ ನೋಡಿದರೆ ಮಾರ್ಕ ಬಾರ್ನಬನ ಸಂಬಂಧಿಕ. ನಮ್ಮ ಕಾಲದಲ್ಲಿ ಇದನ್ನು ಸ್ವಜನಪಕ್ಷಪಾತ ಅನ್ನುತ್ತೇವೆ. ಗಲಾತ್ಯದ 2ನೇ ಅಧ್ಯಾಯದಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುವ ವಿಷಯ ಬಂದಾಗ ಬಾರ್ನಬನೂ ಹಿಂದೆ ಸರಿದ ಅಂತ ಪೌಲನೇ ಬರೆದಿದ್ದಾನೆ. ಹೀಗಿರುವಾಗ ಅವನನ್ನೇ ಯಾಕೆ ಮಾದರಿ ಮಾಡಿಕೊಳ್ಳಬೇಕು?

ಹಳೇ ಸಂಡೇ ಸ್ಕೂಲ್ ಟೀಚರ್

ಒಳ್ಳೆಯ ಪ್ರಶ್ನೆ ಮಗಾ. ಗಲಾತ್ಯದ ವಿಷಯದಲ್ಲಿ ಬಾರ್ನಬ ತಪ್ಪು ಮಾಡಿದ, ಅದನ್ನು ಮುಚ್ಚುವುದಿಲ್ಲ. ಅಂತಿಯೋಕ್ಯದಲ್ಲಿ ಗ್ರೀಕರ ನಡುವೆ ಅಷ್ಟು ದಿನ ಇದ್ದವನು ಹಾಗೆ ಮಾಡಬಾರದಿತ್ತು.

ಮಾರ್ಕನ ವಿಷಯ ಮಾತ್ರ ನಾನು ಬೇರೆ ಥರ ನೋಡುತ್ತೇನೆ. ಇಡೀ ಪುಸ್ತಕದಲ್ಲಿ ಬಾರ್ನಬ ಪೌಲನ ಎದುರು ಪಟ್ಟು ಹಿಡಿದು ಜಗಳಕ್ಕೆ ನಿಲ್ಲುವುದು ಒಂದೇ ಕಡೆ, ಅದು ಇಲ್ಲಿ. ತನ್ನ ಹೆಸರು ಹಿಂದಕ್ಕೆ ಹೋದಾಗ ಜಗಳವಾಡಿದ್ದು ಎಲ್ಲೂ ಬರೆದಿಲ್ಲ. ಮುಂದಿನ ಜಾಗ ಯಾರದು ಅಂತ ಕೇಳಿದ್ದೂ ಇಲ್ಲ. ಬಿಟ್ಟು ಓಡಿಹೋದ ಒಬ್ಬ ಹುಡುಗನಿಗೆ ಇನ್ನೊಂದು ಅವಕಾಶ ಕೊಡುವ ಮಾತು ಬಂದಾಗ ಬಂಡೆಯ ಹಾಗೆ ನಿಂತ. ಎದುರಿಗೆ ಪೌಲ ಇದ್ದರೂ ಬಗ್ಗಲಿಲ್ಲ. ಸಂಬಂಧಿಕ ಅನ್ನುವ ಪ್ರೀತಿ ಅದರಲ್ಲಿ ಇದ್ದಿರಬಹುದು, ಇಲ್ಲ ಅನ್ನಲಾರೆ. ಆದರೆ ಸೌಲ ಅವನಿಗೆ ಯಾವ ಸಂಬಂಧಿಕ? ಅವತ್ತು ಯೆರೂಸಲೇಮಿನಲ್ಲಿ ಸೌಲನಿಗೆ ಏನು ಮಾಡಿದ್ದನೋ ಇವತ್ತು ಮಾರ್ಕನಿಗೆ ಅದನ್ನೇ ಮಾಡಿದ. ಪೌಲನಿಗೆ ಆ ಕ್ಷಣ ಅದು ನೆನಪಾಗಲಿಲ್ಲ ಅನ್ನಿಸುತ್ತದೆ.

ನಾನು 34 ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ತನಗಾಗಿ ಜಗಳ ಮಾಡುವವರನ್ನು ಬಹಳ ನೋಡಿದ್ದೇನೆ, ಸುಮ್ಮನಿರುವವರನ್ನೂ ನೋಡಿದ್ದೇನೆ. ತನ್ನ ಪಾಲಿಗೆ ಸುಮ್ಮನಿದ್ದು ಇನ್ನೊಬ್ಬರ ಪಾಲಿಗೆ ಎದ್ದು ನಿಲ್ಲುವವರು ಬೆರಳೆಣಿಕೆ.

ಗ್ರೀಕ್ ಕಲಿಯುತ್ತಿರುವವನು

ಆ ಜಗಳಕ್ಕೆ ಲೂಕ ಬಳಸಿದ ಪದ ಪರೊಕ್ಸುಸ್ಮೊಸ್. ಜ್ವರ ಏರುವುದಕ್ಕೂ ವೈದ್ಯರು ಆ ಪದ ಬಳಸುತ್ತಿದ್ದರು. ಹೊಸ ಒಡಂಬಡಿಕೆಯಲ್ಲಿ ಅದು ಇನ್ನು ಒಂದೇ ಕಡೆ ಇದೆ, ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ. ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಪ್ರೇರೇಪಿಸಿ ಅನ್ನುವಲ್ಲಿ.

ಕೊನೆಗೆ ಏನಾಯಿತು ಅನ್ನುವುದೂ ಮುಖ್ಯ. ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಸೆರೆಯಲ್ಲಿರುವ ಪೌಲ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಗೆ ಉಪಯುಕ್ತ ಅನ್ನುತ್ತಾನೆ. ಅಲ್ಲಿರುವ ಪದ ಮತ್ತೆ ದಿಯಾಕೊನಿಯ, ಮಾರ್ಥಳ ಅಡುಗೆ ಮನೆಯ ಪದ. ಬಾರ್ನಬ ಕುಪ್ರಕ್ಕೆ ಕರೆದುಕೊಂಡು ಹೋಗದೆ ಇದ್ದಿದ್ದರೆ ಆ ಸಾಲು ಬರುತ್ತಿತ್ತಾ ಅಂತ ಯೋಚಿಸುತ್ತೇನೆ. ಬಾರ್ನಬನೇನೋ ಮಾರ್ಕನ ಜೊತೆ ಹಡಗು ಹತ್ತಿದವನು ಅಪೊಸ್ತಲರ ಕೃತ್ಯಗಳಲ್ಲಿ ಮತ್ತೆ ಕಾಣಿಸುವುದಿಲ್ಲ.

ಧಾರವಾಡದ ಟೆನರ್

ನಾಲ್ಕು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಬರೆಯಲು ಧೈರ್ಯ ಬರಲಿಲ್ಲ.

ಅಕ್ಕ ಹೇಳಿದ ಹಾಗೆ ಕಮಿಟಿಯ ಒಬ್ಬರ ಹತ್ತಿರ ಮಾತಾಡಿದೆ. ಸಿಟ್ಟಿಲ್ಲದೆ, ಮೊದಲೇ ಹೇಳಬೇಕಿತ್ತು ಅಂತ ಹೇಳಿದೆ. ಅವರು ಹೌದು ಅಂದರು. ಅಷ್ಟೇ. ಎದೆ ಸ್ವಲ್ಪ ಹಗುರಾಯಿತು, ಪೂರ್ತಿ ಆಗಲಿಲ್ಲ. ಭಾನುವಾರ ಹಿಂದಿನ ಸಾಲಿನಲ್ಲಿ ನಿಂತು ಹಾಡುವಾಗ ಗಂಟಲು ಕಟ್ಟುತ್ತದೆ, ಈಗಲೂ.

ಆದರೆ ನನ್ನನ್ನು ನಿದ್ದೆ ಮಾಡಲು ಬಿಡದೆ ಇರುವುದು ಅದಲ್ಲ, ಮಾರ್ಕನ ವಿಷಯ. ನಾನು ಇಲ್ಲಿಗೆ ಬಂದಾಗ ನನ್ನನ್ನು ಬಾರ್ನಬ ಅಂದುಕೊಂಡೇ ಬಂದಿದ್ದೆ. ಮೂರು ವರ್ಷದ ಹಿಂದೆ ಕ್ವಾಯರ್‌ನಲ್ಲಿ ಒಬ್ಬ ಹುಡುಗ ಇದ್ದ, ಬೇಸ್ ಹಾಡುತ್ತಿದ್ದ. ಒಳ್ಳೆಯ ಸ್ವರ. ಕ್ರಿಸ್ಮಸ್‌ಗೆ ಎಂಟು ದಿನ ಇರುವಾಗ ಹೇಳದೆ ಕೇಳದೆ ಪ್ರಾಕ್ಟೀಸಿಗೆ ಬರುವುದು ನಿಲ್ಲಿಸಿದ. ಜನವರಿಯಲ್ಲಿ ವಾಪಸ್ ಬಂದು ಬಾಗಿಲಲ್ಲಿ ನಿಂತ. ನಾನು ಎಲ್ಲರ ಮುಂದೆ, "ಅರ್ಧಕ್ಕೆ ಬಿಟ್ಟು ಹೋಗುವವರಿಗೆ ಇಲ್ಲಿ ಜಾಗ ಇಲ್ಲ" ಅಂದೆ. ಅವನು ಏನೂ ಹೇಳದೆ ಹೋದ. ಆ ತಿಂಗಳು ಅವನ ಅಪ್ಪನ ಕೆಲಸ ಹೋಗಿತ್ತು, ರಾತ್ರಿ ಹೊತ್ತು ಅವನು ಡೆಲಿವರಿಗೆ ಹೋಗುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಹೋಗಿ ಮಾತಾಡಲಿಲ್ಲ. ನನಗೆ ಯಾರೂ ಮೊದಲೇ ಹೇಳಲಿಲ್ಲ ಅಂತ ಇಲ್ಲಿ ದೂರು ಬರೆದೆನಲ್ಲ, ನಾನು ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ನಿನ್ನೆ ಹೊಸದಾಗಿ ಕ್ವಾಯರ್ ನಡೆಸುವವನಿಗೆ ಫೋನ್ ಮಾಡಿ ಆ ಹುಡುಗನನ್ನು ಮತ್ತೆ ತೆಗೆದುಕೊಳ್ಳಪ್ಪ ಅಂತ ಕೇಳಿದೆ. "ಸರ್, ನೀವೇ ಬೇಡ ಅಂದಿದ್ರಲ್ಲ" ಅಂದ. ಹೌದು, ನಾನೇ ಅಂದಿದ್ದು, ತಪ್ಪು ಮಾಡಿದೆ ಅಂತ ಹೇಳಿದೆ. ಈಸ್ಟರ್ ಪ್ರಾಕ್ಟೀಸ್ ಶುರುವಾಗಿದೆ, ಈಗ ಹೊಸಬರು ಕಷ್ಟ, ಯೋಚಿಸುತ್ತೇನೆ ಅಂದ. ನಾಳೆ ಮತ್ತೆ ಕೇಳುತ್ತೇನೆ. ಆ ಹುಡುಗನ ಮನೆ ಹಳೇ ಬಸ್ ನಿಲ್ದಾಣದ ಹಿಂದೆ. ಸಂಜೆ ಆರಕ್ಕೆ ಅವನು ಮನೆಯಲ್ಲಿ ಇರುತ್ತಾನಂತೆ. ಹೋಗುತ್ತಿದ್ದೇನೆ, ಪ್ರಾರ್ಥನೆ ಮಾಡಿ.

ಮಲ್ಪೆ ಅಕ್ಕ

ಮಾಡುತ್ತೇವೆ ಅಣ್ಣಾ. ಬರಿಗೈಯಲ್ಲಿ ಹೋಗಬೇಡಿ, ಮನೆಯಲ್ಲಿ ಅವನ ಅಪ್ಪ ಅಮ್ಮನೂ ಇರುತ್ತಾರೆ. ಬೇಸ್ ಪಾರ್ಟ್ ಬರೆದ ಪುಸ್ತಕ ನಿಮ್ಮ ಹತ್ತಿರವೇ ಇದೆಯಲ್ವಾ, ಅದನ್ನೂ ತೆಗೆದುಕೊಂಡು ಹೋಗಿ.